ಕಿವ್ಯಾಗಿನ ಗುಂಯ್‌ಗೆ ಮೊಬೈಲ್ ಆ್ಯಪ್ ನಡೀತೈತಾ?

ಪ್ರಶ್ನೆ: ನಮಸ್ಕಾರ್ರಿ ಡಾಕ್ಟ್ರೇ, ರೈಸ್ ಮಿಲ್ಲಿನಾಗ ಭಾಳ ವರ್ಷದಿಂದ ಕೆಲಸ ಮಾಡ್ತೀನಿ, ಈಗ ಎರಡೂ ಕಿವ್ಯಾಗ ಗುಂಯ್ ಅಂತೈತಿ, ರಾತ್ರಿ ನಿದ್ದಿ ಹತ್ತವಲ್ದು. ಮಳಿ ಸೌಂಡ್ ಬರೋ ಆ್ಯಪ್ ಹಚ್ಚಿದ್ರ ವಾಸಿ ಆಗ್ತೈತಾ?
– ಓದುಗರು, ಗಂಗಾವತಿ

ಉತ್ತರ: ಆ್ಯಪಿನಿಂದ ಗುಂಯ್ ಪೂರ್ತಿ ಹೋಗಂಗಿಲ್ರೀ, ಆದ್ರ ಅದರ ಕಾಟ ಕಡಿಮಿ ಆಗಬಹುದು. ಸುತ್ತ ಸದ್ದೇ ಇಲ್ದಾಗ ಮಿದುಳು ಆ ಗುಂಯ್ ಕಡೀಗೇ ಲಕ್ಷ್ಯ ಕೊಡ್ತೈತಿ, ಅದಕ್ಕ ರಾತ್ರಿ ಹೆಚ್ಚು ಕೇಳಿಸೋದು, ಮಳಿ ಸೌಂಡೋ ಫ್ಯಾನ್ ಸೌಂಡೋ ಸಣ್ಣಗ ಇದ್ರ ಗುಂಯ್ ಅದರಾಗ ಬೆರೀತೈತಿ, ರೂಢಿ ಆದ್ರ ಕೆಲವರಿಗೆ ಕೆಲವು ತಿಂಗಳಾದಮ್ಯಾಲೆ ಅದರ ಕಡೆ ಲಕ್ಷ್ಯಾನೇ ಹೋಗಂಗಿಲ್ಲ. ವಾಲ್ಯೂಮ್ ಮಾತ್ರ ಗುಂಯ್‌ಗಿಂತ ತುಸು ಕಡಿಮಿನೇ ಇರ್ಲಿ, ಅದನ್ನ ಮುಚ್ಚೋವಷ್ಟು ಜೋರು ಬ್ಯಾಡ. ಇಯರ್‌ಫೋನ್ ಹಾಕ್ಕೊಂಡು ಮಲಗಬ್ಯಾಡ್ರಿ, ಮೊಬೈಲ್ ಸ್ಪೀಕರ್ ಸಾಕು, ದುಡ್ಡು ಕೊಟ್ಟು ಆ್ಯಪ್ ತಗೊಳ್ಳೋ ಗರಜೂ ಇಲ್ಲ.

ಆದ್ರ ಮೊದ್ಲು ಇಎನ್‌ಟಿ ಡಾಕ್ಟ್ರಿಗೆ ತೋರ್ಸಿ ಆಡಿಯೋಮೆಟ್ರಿ (ಕಿವಿ ಎಷ್ಟು ಕೇಳಿಸ್ತೈತಿ ಅಂತ ನೋಡೋ ಪರೀಕ್ಷೆ) ಮಾಡಿಸ್ರಿ, ಇದು ನನ್ನ ಕಳಕಳಿ. 85 ಡೆಸಿಬಲ್ ದಾಟಿದ ಸದ್ದಿನಾಗ ದಿನಾ 8 ತಾಸು ನಿಂತ್ರ ಕಿವಿ ಮಂದ ಆಗೋ ಅಪಾಯ ಐತಿ, ಹಂಗೇನಾರ ಆಗಿದ್ರ ಹಿಯರಿಂಗ್ ಏಡ್‌ನಿಂದ್ಲೇ ಗುಂಯ್ ತಗ್ಗೋದುಂಟು. ಬರೀ ಗುಗ್ಗೆ ಕಟ್ಟಿದ್ರೂ ಹಿಂಗಾಗ್ತೈತಿ. ಒಂದೇ ಕಿವ್ಯಾಗ ಸದ್ದು, ಇಲ್ಲಾ ನಾಡಿ ಬಡಿದಂಗ ಸದ್ದು ಬಂದ್ರ ತಡ ಮಾಡಬ್ಯಾಡ್ರಿ, ಒಮ್ಮಿಂದೊಮ್ಮೆ ಕಿವಿ ಕೇಳದಂಗಾದ್ರ ಅವತ್ತೇ ಹೋಗ್ರಿ. ಮಿಲ್ಲಿನಾಗ ಇಯರ್ ಪ್ಲಗ್ ಹಾಕ್ಕೊಳ್ರಿ.