ಹಾಲು ಕಕ್ಕುವ ಮಗುವಿಗೆ ಗಟ್ಟಿ ಆಹಾರ ಶುರು ಮಾಡಿದ ಮೇಲೆ ಮಲಬದ್ಧತೆ ಆಗಿದೆ, ಏನು ಮಾಡಲಿ?

ಅಕ್ಕಿ ಸರಿ (ಅಕ್ಕಿ ಹಿಟ್ಟಿನ ಗಂಜಿ), ಬಾಳೆಹಣ್ಣು ಎರಡನ್ನೂ ಸ್ವಲ್ಪ ಕಡಿಮೆ ಮಾಡಿ. ಬದಲಿಗೆ ಬೇಯಿಸಿ ನುಣ್ಣಗೆ ಅರೆದ ಪಿಯರ್ ಅಥವಾ ಒಣ ಪ್ಲಮ್ ಒಂದೆರಡು ಚಮಚ ಕೊಡಿ. ಈ ಹಣ್ಣುಗಳಲ್ಲಿ ಸಾರ್ಬಿಟಾಲ್ ಅನ್ನೋ ಸಿಹಿ ಅಂಶ ಇರುತ್ತದೆ. ಅದು ಪೂರ್ತಿ ಜೀರ್ಣವಾಗದೆ ಕರುಳಿನಲ್ಲೇ ನೀರು ಹಿಡಿದಿಡುತ್ತದೆ, ಮಲ ಮೆತ್ತಗಾಗುತ್ತದೆ.

ಇದರಿಂದ ಕಕ್ಕುವುದೂ ಕಡಿಮೆ ಆಗಬಹುದು. ಮಗು ತಿಣುಕಿದಾಗ ಹೊಟ್ಟೆ ಒತ್ತಿ ಹಾಲು ಮೇಲಕ್ಕೆ ಬರುತ್ತದೆ, ಅಲ್ವಾ?

6 ತಿಂಗಳು ತುಂಬಿದ್ದರೆ ಊಟದ ಜೊತೆ ಎರಡು ಮೂರು ಗುಟುಕು ನೀರು ಸಾಕು. ಜಾಸ್ತಿ ಕುಡಿಸಿದರೆ ಹೊಟ್ಟೆ ತುಂಬಿ ಮತ್ತೆ ಕಕ್ಕುತ್ತದೆ. ಊಟವೂ ಅಷ್ಟೇ, ಸ್ವಲ್ಪ ಸ್ವಲ್ಪವಾಗಿ. ಕಕ್ಕದಿರಲಿ ಅಂತ ಹಾಲಿಗೆ ಅಕ್ಕಿಪುಡಿ ಬೆರೆಸುತ್ತಿದ್ದರೆ ಮಲಬದ್ಧತೆಗೆ ಅದೇ ಕಾರಣ ಇರಬಹುದು. ಡಾಕ್ಟರನ್ನು ಕೇಳಿ ಬದಲಿಸಿ.

ಅಂದಹಾಗೆ, ಮುಖ ಕೆಂಪಗೆ ಮಾಡಿಕೊಂಡು ತಿಣುಕಿದರೂ ಬಂದದ್ದು ಮೆತ್ತಗಿದ್ದರೆ ಅದು ಮಲಬದ್ಧತೆ ಅಲ್ಲ. ಆಡಿನ ಹಿಕ್ಕೆಯಂಥ ಗಟ್ಟಿ ಉಂಡೆ ಬಂದರೆ ಮಾತ್ರ ಯೋಚಿಸಿ.

ಭೇದಿ ಮಾಡಿಸುವ ಔಷಧಿ ಸುಮ್ನೆ ಕೊಡಬೇಡಿ. 1 ವರ್ಷದೊಳಗೆ ಜೇನು ಬೇಡವೇ ಬೇಡ. ಹಸಿರು ವಾಂತಿ, ಮಲದಲ್ಲಿ ರಕ್ತ, ಉಬ್ಬಿದ ಹೊಟ್ಟೆ ಕಂಡರೆ ಕಾಯದೆ ಡಾಕ್ಟರಿಗೆ ತೋರಿಸಿ.