ಮತದ ಹಕ್ಕಿಗೆ ವ್ಯಾಯಾಮ ಮಾಡಿಸಬಹುದೇ?

ಸೋಮವಾರಪೇಟೆ ಕಡೆಯ ಶಿಕ್ಷಕಿಯೊಬ್ಬರು ಬರೆದಿದ್ದಾರೆ: 'ಏಳನೇ ತರಗತಿಯ ಹುಡುಗನೊಬ್ಬ ಇಂಗ್ಲಿಷ್ ವಾಕ್ಯವನ್ನು ಕನ್ನಡಕ್ಕೆ ತರುವಾಗ “ಎಲ್ಲರೂ ಮತದ ಹಕ್ಕನ್ನು ವ್ಯಾಯಾಮ ಮಾಡಬೇಕು” ಎಂದು ಬರೆದ. ತಪ್ಪು ಅಂದೆ. ನಿಘಂಟಿನಲ್ಲಿ ಎಕ್ಸರ್ಸೈಜ್ ಅಂದ್ರೆ ವ್ಯಾಯಾಮ ಅಂತಲೇ ಇದೆ ಮಿಸ್ ಅಂದ. ಎಲ್ಲ ಕಡೆಗೂ ಸಲ್ಲುವ ಒಂದು ಕನ್ನಡ ಪದ ಇಲ್ವಾ?'

ಇಲ್ಲ ಮೇಡಂ. ಇಲ್ಲದಿರುವುದೇ ಒಳ್ಳೆಯದು ಅನ್ನುವವನು ನಾನು.

ಎಕ್ಸರ್ಸೈಜ್ ಲ್ಯಾಟಿನ್ನಿನ ಒಂದು ಕ್ರಿಯಾಪದದಿಂದ ಬಂದದ್ದು. ಸುಮ್ನೆ ಕೂರಲು ಬಿಡದೆ ಕೆಲಸಕ್ಕೆ ಹಚ್ಚುವುದು ಅಂತ ಅದರ ಅರ್ಥ. ಪಳಗಿಸಿದ ಸೇನೆಗೂ ಅದೇ ಬೇರಿನ ಹೆಸರು. ಹಾಗಾಗಿ ಮೈಯಾಗಲಿ, ಲೆಕ್ಕವಾಗಲಿ, ಹಕ್ಕಾಗಲಿ, ಕೆಲಸಕ್ಕೆ ಹಚ್ಚಿದರೆ ಇಂಗ್ಲಿಷಿಗೆ ಒಂದೇ ಮಾತು ಸಾಕು.

ಕನ್ನಡ ಹಾಗಲ್ಲ. ವ್ಯಾಯಾಮದೊಳಗೆ 'ಆಯಾಮ' ಇದೆ, ಅಂದರೆ ಚಾಚುವುದು. ಪ್ರಾಣಾಯಾಮದಲ್ಲಿ ಉಸಿರನ್ನು ಚಾಚುತ್ತೇವೆ, ವ್ಯಾಯಾಮದಲ್ಲಿ ಕೈಕಾಲು. ಹಕ್ಕನ್ನು ಚಾಚಲು ಬರುವುದಿಲ್ಲ, ಅಲ್ವಾ? ಕಸರತ್ತು ಅರಬ್ಬಿ ಮೂಲದ್ದು. ಅಲ್ಲಿ ಅದು ಬಹಳ, ಜಾಸ್ತಿ ಎಂಬ ಮಾತು. ಗರಡಿಯಲ್ಲಿ ಒಂದೇ ದಂಡವನ್ನು ನೂರು ಸಲ ಹೊಡೆಯುವುದು ಕಸರತ್ತು. ಸಂಪುಟ ರಚನೆಗೆ ಪತ್ರಿಕೆಗಳು ಇದೇ ಪದ ಹಾಕುವುದೂ ಸರಿಯಾಗಿದೆ, ಅಲ್ಲೂ ಮತ್ತೆ ಮತ್ತೆ ಹೆಣಗಾಟವೇ. ಕವಾಯತು ಕೂಡ ಅರಬ್ಬಿಯಿಂದ ಬಂದದ್ದು, ನಿಯಮಗಳು ಅಂತ ಅರ್ಥ. ಸೇನೆಯ ಮುಖ್ಯಸ್ಥರಾಗಿದ್ದ ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ನಮ್ಮ ಕೊಡಗು ಜಿಲ್ಲೆಗೆ ಅದನ್ನು ವಿವರಿಸಬೇಕಿಲ್ಲ. ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ಬಂದಾಗ ತೆಂಗಿನಕಾಯಿಗೆ ಗುಂಡು ಹೊಡೆಯುವವರದು ಗುರಿ ಅಭ್ಯಾಸ. ಗಣಿತ ಪುಸ್ತಕದ್ದೂ ಅಭ್ಯಾಸವೇ. ಎಚ್ಚರವನ್ನು ವಹಿಸುತ್ತೇವೆ, ಸಂಯಮ ತೋರುತ್ತೇವೆ. ಹಕ್ಕನ್ನು ಚಲಾಯಿಸುತ್ತೇವೆ, ಗಾಡಿಯನ್ನು ಚಲಾಯಿಸಿದ ಹಾಗೆ. ಕೋವಿ ಇಟ್ಟುಕೊಳ್ಳುವ ಹಕ್ಕಾದರೂ ಮತದ ಹಕ್ಕಾದರೂ ನಿಲ್ಲಿಸಿಟ್ಟರೆ ತುಕ್ಕು ಹಿಡಿಯುತ್ತದೆ.

ಒಂದು ಘಟನೆ ಹೇಳುತ್ತೇನೆ. ನಮ್ಮ ಪಕ್ಕದ ಲೈನ್ ಮನೆಯ, ಅಂದರೆ ತೋಟದ ಕಾರ್ಮಿಕರ ಸಾಲುಮನೆಯ, ಹೆಂಗಸಿಗೆ ಭುಜ ಹಿಡಿದುಕೊಂಡಿತ್ತು. ರೋಬಸ್ಟಾ ಕಾಫಿ ಕುಯ್ಲಿನ ಸಮಯ. ಡಾಕ್ಟರು 'ವ್ಯಾಯಾಮ ಮಾಡಿ' ಅಂದು ಕಳಿಸಿದ್ದರು. 'ದಿನಾ ಚೀಲ ಹೊತ್ತು ಗುಡ್ಡ ಹತ್ತಿ ಇಳೀತೀನಿ, ಅದು ಸಾಲಲ್ವಾ ಅಣ್ಣ?' ಅಂತ ನನ್ನನ್ನು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಅವರ ಮಾತಿನಲ್ಲಿ ಅದು ದುಡಿಮೆ, ಮೈ ಸವೆಸುವ ಕೆಲಸ. ವ್ಯಾಯಾಮ ಅನ್ನುವ ಪದ ಅವರ ಮನೆಗೆ ಬಂದೇ ಇರಲಿಲ್ಲ. ಮುಂದಿನ ವಾರ ನರ್ಸ್ ಒಬ್ಬರು ಅವರನ್ನು ಗೋಡೆ ಪಕ್ಕ ನಿಲ್ಲಿಸಿದರಂತೆ. 'ಬೆರಳು ಗೋಡೆಗಿಡಿ. ಇರುವೆ ಹತ್ತಿದ ಹಾಗೆ ಮೇಲೆ ಹತ್ತಿಸಿ. ನೋವು ಶುರುವಾದಲ್ಲಿ ನಿಲ್ಲಿಸಿ, ಇಳಿಸಿ.' ಈಗ ಸಂಜೆ ಅವರ ಮನೆ ಮುಂದೆ ಹೋದರೆ, ಸುಣ್ಣದ ಗೋಡೆಯ ಮೇಲೆ ಕಾಫಿ ಕರೆಯ ಬೆರಳಚ್ಚುಗಳು ಸಾಲಾಗಿ ಮೇಲೇರಿರುವುದು ಕಾಣುತ್ತದೆ.

ಆ ಹುಡುಗನ ಅಂಕ ಕಳೆಯಬೇಡಿ ಮೇಡಂ. ಅವನು ನಿಘಂಟು ತೆರೆದು ನೋಡಿದ್ದಾನೆ. ಮುಂದಿನ ಸಲ ಆ ಪದ ಬಂದಾಗ, ಇಲ್ಲಿ ಯಾರು ಏನು ಮಾಡುತ್ತಿದ್ದಾರೆ ಅಂತ ಮಾತ್ರ ಕೇಳಿ. ಉಳಿದದ್ದು ಅವನ ಬಾಯಲ್ಲೇ ಬರುತ್ತದೆ.