ಗ್ರೀಸ್‌ನಲ್ಲಿ ಬಂಡೆ ಹತ್ತೋಕೂ ಅಲ್ಲಿನ ಹಳೇ ಬದುಕು ನೋಡೋಕೂ ಯಾವ ದ್ವೀಪ ಒಳ್ಳೇದು?

ಸಾಂಟೊರಿನಿಯ ಜನಜಂಗುಳಿ ಬೇಡ, ಹತ್ತೋಕೆ ಬಂಡೆ ಬೇಕು, ಜೊತೆಗೆ ಸ್ಥಳೀಯ ಪರಂಪರೆಯೂ ಬೇಕು ಅಂತ ಕೇಳಿದ್ದೀರಿ. ಹಾಗಾದರೆ ಕಾಲಿಮ್ನೋಸ್‌ಗೆ ಹೋಗಿ.

ಕೋಸ್ ದ್ವೀಪಕ್ಕೆ ವಿಮಾನದಲ್ಲಿ ಹೋಗಿ, ಮಸ್ತಿಹಾರಿಯಲ್ಲಿ ಫೆರ್ರಿ ಹತ್ತಿದರೆ ಒಂದು ಗಂಟೆಯೊಳಗೆ ಕಾಲಿಮ್ನೋಸ್‌ನ ಪೋಥಿಯಾ ಬಂದರು. ಇಡೀ ದ್ವೀಪವೇ ಬೋಳು ಸುಣ್ಣಕಲ್ಲಿನ ಗುಡ್ಡ. 1990ರ ದಶಕದಲ್ಲಿ ಇಟಲಿಯ ಕ್ಲೈಂಬರ್ ಆಂದ್ರೆಯಾ ದಿ ಬಾರಿ ಇಲ್ಲಿ ಬಂಡೆಗೆ ಹಗ್ಗ ಸಿಕ್ಕಿಸೋ ಬೋಲ್ಟ್ ಹೊಡೆದು ರೂಟ್ (ಹತ್ತೋ ದಾರಿ) ತೆರೆಯೋಕೆ ಶುರು ಮಾಡಿದ, ಈಗ ಸಾವಿರಾರಿವೆ. ನನ್ನ ಹಾಗೆ ಬಾದಾಮಿಯ ಮರಳುಗಲ್ಲಿನ ಮೇಲೆ ಕೈ ಪಳಗಿಸಿಕೊಂಡವರಿಗೂ ಗ್ರಾಂಡೆ ಗ್ರೊಟ್ಟಾ ಗುಹೆ ಹೊಸ ಪಾಠ. ಚಾವಣಿಯಿಂದ ಇಳಿಬಿದ್ದ ಕಲ್ಲಿನ ಕೊಂಬುಗಳನ್ನು ತೋಳು, ಮೊಣಕಾಲಲ್ಲಿ ತಬ್ಬಿಕೊಂಡೇ ಮೇಲೇರಬೇಕು. ಹೊಸಬರಿಗೆ ಸುಲಭದ ರೂಟ್‌ಗಳೂ ಉಂಟು. ಏಪ್ರಿಲ್-ಮೇ ಅಥವಾ ಅಕ್ಟೋಬರ್‌ನಲ್ಲಿ ಹೋಗಿ. ಜುಲೈ-ಆಗಸ್ಟ್ ಬಿಸಿಲಿಗೆ ಬಂಡೆ ಮುಟ್ಟೋ ಹಾಗಿರಲ್ಲ.

ಹತ್ತೋಕೆ ಬಂದವರು ಮಸೂರಿ ಹಳ್ಳಿಯಲ್ಲೇ ಬೀಡುಬಿಟ್ಟು ಪೋಥಿಯಾ ಕಡೆ ತಿರುಗಿಯೂ ನೋಡಲ್ಲ. ಇದು ನನಗೆ ಒಪ್ಪಿಗೆಯಿಲ್ಲ. ಈ ಊರನ್ನು ಸಾಕಿದ್ದು ಸಮುದ್ರದ ತಳದಲ್ಲಿ ಬೆಳೆಯೋ, ಸ್ನಾನಕ್ಕೆ ಬಳಸೋ ಸ್ಪಂಜು. ಮುಳುಗುಗಾರರು ಸುಮಾರು 15 ಕಿಲೋ ತೂಕದ ಚಪ್ಪಟೆ ಕಲ್ಲು ಹಿಡಿದು, ಒಂದೇ ಉಸಿರಲ್ಲಿ ತಳಕ್ಕಿಳಿದು ಸ್ಪಂಜು ಕಿತ್ತು ತರುತ್ತಿದ್ದರು. 1860ರ ದಶಕದಲ್ಲಿ ಮೇಲಿಂದ ಗಾಳಿ ಪಂಪ್ ಮಾಡುವ ಡೈವಿಂಗ್ ಸೂಟ್ ಬಂತು. ಹೆಚ್ಚು ಹೊತ್ತು ಆಳದಲ್ಲಿ ಇರಬಹುದಾಯಿತು, ದುಡ್ಡೂ ಹೆಚ್ಚಿತು. ಆದರೆ ಸರ್ರನೆ ಮೇಲೆ ಬಂದರೆ ರಕ್ತದಲ್ಲಿ ಸಾರಜನಕದ ಗುಳ್ಳೆ ಏಳುತ್ತದೆ ಅನ್ನೋದು ಯಾರಿಗೆ ಗೊತ್ತಿತ್ತು? ಎಷ್ಟೋ ಜನ ಸತ್ತರು, ಎಷ್ಟೋ ಜನರ ಕಾಲು ಸ್ವಾಧೀನ ತಪ್ಪಿತು. ಆ ಸಂಕಟವೇ ಇಲ್ಲಿ ಮಿಹಾನಿಕೋಸ್ ಅನ್ನೋ ಕುಣಿತವಾಗಿದೆ: ಸಾಲಿನ ಮುಂದಿರುವವನು ಕೋಲೂರಿ, ಕಾಲು ನಡುಗಿಸುತ್ತಾ, ಉಳಿದವರ ಹೆಜ್ಜೆಗೆ ಸೇರೋಕೆ ಒದ್ದಾಡುತ್ತಾನೆ. ನೋಡೋ ಅವಕಾಶ ಸಿಕ್ಕರೆ ಆ ದಿನದ ಕ್ಲೈಂಬಿಂಗ್ ಬಿಟ್ಟಾದರೂ ನೋಡಿ.

ಕೈ ಚರ್ಮ ಕಿತ್ತು ಸುಮ್ಮನೆ ಕೂರಬೇಕಾದ ದಿನ ಮಸೂರಿ ಪಕ್ಕದ ಮಿರ್ತಿಯೆಸ್‌ನಿಂದ ದೋಣಿಯಲ್ಲಿ ತೆಲೆಂಡೋಸ್‌ಗೆ ಹೋಗಿ ಬನ್ನಿ. 6ನೇ ಶತಮಾನದ ಭೂಕಂಪದಲ್ಲಿ ಕಾಲಿಮ್ನೋಸ್‌ನಿಂದ ಬೇರೆಯಾದ ಪುಟ್ಟ ದ್ವೀಪ ಅಂತಾರೆ. ಪೋಥಿಯಾದ ಪುರಾತತ್ವ ಮ್ಯೂಸಿಯಂನಲ್ಲಿ 1994ರಲ್ಲಿ ಮೀನುಗಾರನ ಬಲೆಗೆ ಸಿಕ್ಕ ಕಂಚಿನ ಹೆಂಗಸಿನ ಮೂರ್ತಿ ಇದೆ, ತಪ್ಪಿಸಬೇಡಿ.

ಸಸ್ಯಾಹಾರಿಗಳಾದರೆ ಬಾರ್ಲಿ ರಸ್ಕ್, ಟೊಮೆಟೊ, ಚೀಸ್ ಹಾಕಿದ ಮಿರ್ಮಿಝೆಲಿ ಸಲಾಡ್ ಕೇಳಿ. ಮೀನು ಬೇಡ ಅಂತ ಮೊದಲೇ ಹೇಳಿಬಿಡಿ. ಸ್ಪಂಜು ಕೊಳ್ಳೋದಾದರೆ ಕಂದು ಬಣ್ಣದ್ದು ತಗೊಳ್ಳಿ. ತಿಳಿ ಹಳದಿಯಾಗಿ ಚೆಂದ ಕಾಣೋದು ಬ್ಲೀಚ್ ಮಾಡಿದ್ದು, ಬೇಗ ಹರಿಯುತ್ತೆ.